ಇಜ್ಮಾನಿಯ ಹೊಕ್ಕುಳ ಮರ

ಮೊನ್ನೆ ನಮ್ಮ ಬೆಟ್ಟಕ್ಕೆ ಜೀಪಿನಲ್ಲಿ ಒಬ್ಬ ಮಹಾಶಯ ಬಂದಿದ್ದ. ತಲೆಗೆ ಟೋಪಿ, ಕೊರಳಿಗೆ ಕ್ಯಾಮೆರಾ, ಕೈಯಲ್ಲಿ ಬಾಟಲಿ ನೀರು. ಅವನ ಮಾತನ್ನು ನಮಗೆ ತಿಳಿಸಿ ಹೇಳಲು ಪೇಟೆಯವನೊಬ್ಬ ಜೊತೆಗಿದ್ದ. ಮಹಾಶಯ ಬೋಳು ಗುಡ್ಡಗಳನ್ನು ನೋಡಿ ಲೊಚಗುಟ್ಟಿದ. ‘ಪಾಪ, ಈ ಜನಕ್ಕೆ ಮರದ ಬೆಲೆ ಗೊತ್ತಿಲ್ಲ’ ಅಂದನಂತೆ. ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಕೈಯಲ್ಲಿದ್ದ ಕಾಫಿಯನ್ನು ಆ ಟೋಪಿಯ ಮೇಲೆ ಸುರಿದೇಬಿಡುತ್ತಿದ್ದೆ. ಆದರೆ ಈಗ ಕಾಫಿ ಬಲು ದುಬಾರಿ, ಅವನ ತಲೆಗೆ ದಂಡ ಮಾಡುವಷ್ಟು ಅಗ್ಗವಲ್ಲ.

ನನ್ನ ವಾರಗಿತ್ತಿ ಇಜ್ಮಾನಿ ಇದ್ದಿದ್ದರೆ ಅವನಿಗೆ ಕುರ್ಚಿ ಹಾಕಿ, ಇರುವ ಕಾಫಿಯನ್ನೂ ಅವನಿಗೇ ಕೊಟ್ಟು, ‘ಊಟ ಆಯ್ತಾ ಮಗನೇ?’ ಎಂದು ಕೇಳುತ್ತಿದ್ದಳು. ಅವಳ ಸ್ವಭಾವವೇ ಹಾಗೆ. ನನ್ನ ನಾಲಗೆಗೆ ಮೂಳೆಯಿಲ್ಲ, ಅವಳ ಮನಸ್ಸಿಗೆ ಮುಳ್ಳಿರಲಿಲ್ಲ. ಅವಳು ಮಣ್ಣು ಸೇರಿ ಎಷ್ಟೋ ಮಳೆಗಾಲ ಕಳೆಯಿತು. ಇಂದಿಗೂ ಬೆಳಿಗ್ಗೆ ಕಾಫಿ ಸೋಸುವಾಗ ನನ್ನ ಕೈ ತಾನಾಗಿ ಎರಡು ಲೋಟ ತೆಗೆಯುತ್ತದೆ. ಒಂದನ್ನು ಮತ್ತೆ ಒಳಗಿಡುವಾಗ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಹೇಳದೆ ಕೇಳದೆ ಹೋಗಿಬಿಟ್ಟಳಲ್ಲ, ಪುಣ್ಯಾತ್ಗಿತ್ತಿ.

ಜಾಕ್ಮೆಲ್ ಪೇಟೆಯ ಮೇಲಿನ ಬೆಟ್ಟಗಳಲ್ಲಿ ನಮ್ಮ ಊರು ಫೊನ್ ಮೊಂಬೆ. ಒಂದೇ ಅಂಗಳ, ಸುತ್ತಲೂ ಮನೆಗಳು. ಒಂದರಲ್ಲಿ ಮಾವ, ಒಂದರಲ್ಲಿ ಹಿರಿಮಗ ಸೆನೊವಿಲ್ ಮತ್ತು ಇಜ್ಮಾನಿ, ಇನ್ನೊಂದರಲ್ಲಿ ಅವನ ತಮ್ಮ ಎನೊಲ್ ಮತ್ತು ನಾನು. ನನಗಿಂತ ಎರಡು ವರ್ಷ ಮೊದಲು ಅವಳು ಈ ಅಂಗಳಕ್ಕೆ ಸೊಸೆಯಾಗಿ ಬಂದಿದ್ದಳು. ಬಂದ ದಿನ ಕಂಕುಳಲ್ಲಿ ಒಂದು ಹಂದಿಮರಿ ಇತ್ತಂತೆ. ಅದು ಅವಳ ತವರಿನ ಉಡುಗೊರೆ. ದಾರಿಯುದ್ದಕ್ಕೂ ಕಿರುಚಿ ಕಿರುಚಿ, ಮದುವೆಯ ಬಿಳಿ ಅಂಗಿಯ ಮೇಲೆಲ್ಲ ಉಚ್ಚೆ ಹೊಯ್ದಿತ್ತು. ಜನ ನಕ್ಕರೆ ಅವಳೂ ನಕ್ಕಳಂತೆ. ‘ನಗ್ರಿ ನಗ್ರಿ, ನಾಳೆ ಇದರ ಮರಿ ಕೇಳ್ಕೊಂಡು ನನ್ನ ಬಾಗಿಲಿಗೇ ಬರ್ತೀರಿ’ ಅಂದಳಂತೆ. ಅವಳು ಹೇಳಿದಂತೆಯೇ ಆಯಿತು. ನನ್ನ ಮೊದಲ ಹಂದಿಯೂ ಆ ಸಂತಾನದ್ದೇ.

ಹಂದಿ ಎಂದರೆ ಮೂಗು ಮುರಿಯುವವರು ಮುರಿಯಲಿ. ನಮ್ಮವು ಕರಿಯವು, ಗಿಡ್ಡವು, ಬೆನ್ನ ಮೇಲೆ ಪೊರಕೆಯಂಥ ಕೂದಲು. ಅವಕ್ಕೆಂದು ಯಾರೂ ಮೇವು ಕೊಂಡದ್ದಿಲ್ಲ. ಬಿದ್ದ ಮಾವು, ಬೆಣ್ಣೆಹಣ್ಣು, ಬಾಳೆಸಿಪ್ಪೆ, ಮನೆಯ ಕಸ, ಏನು ಸಿಕ್ಕರೂ ತಿಂದು ದುಂಡಗಾಗುತ್ತಿದ್ದವು. ಕೊಯ್ಲಾದ ಹೊಲಕ್ಕೆ ಬಿಟ್ಟರೆ ಮೂತಿಯಲ್ಲೇ ನೆಲ ಕೆದಕಿ, ಹುಳು ತಿಂದು, ಗೊಬ್ಬರ ಹಾಕಿ ಸಂಜೆಗೆ ಮನೆಗೆ ಬರುತ್ತಿದ್ದವು. ಮದುವೆಗೊಂದು, ಸಾವಿಗೊಂದು, ಕಾಯಿಲೆಗೊಂದು, ಅಕ್ಟೋಬರಿನಲ್ಲಿ ಶಾಲೆ ತೆರೆದಾಗ ಒಂದು. ಪೇಟೆಯವರಿಗೆ ಬ್ಯಾಂಕು, ನಮಗೆ ಹಂದಿ. ಅದು ನಮ್ಮ ಕಣ್ಣೆದುರೇ ಅಂಗಳದಲ್ಲಿ ಗುರುಗುಟ್ಟಿಕೊಂಡು ಓಡಾಡುತ್ತಿತ್ತು ಅಷ್ಟೆ.

ಆ ದಿನಗಳನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ. ಸಿರಿವಂತರಾಗಿದ್ದೆವು ಎಂದು ಹೇಳುತ್ತಿಲ್ಲ, ಸುಳ್ಳೇಕೆ? ಮಾವ ಯಾವಾಗಲೂ ಹೇಳುತ್ತಿದ್ದರು, ‘ನಮ್ಮ ಮುತ್ತಜ್ಜಂದ್ರು ಬಿಡುಗಡೆನ ರಕ್ತ ಕೊಟ್ಟು ಗೆದ್ರು. ಆಮೇಲೆ ಅದನ್ನೇ ಫ್ರಾನ್ಸಿನೋರ ಹತ್ರ ಕಾಫಿ ಕೊಟ್ಟು ಕೊಂಡ್ಕೊಂಡ್ರು. ನಮ್ಮಜ್ಜನ ಕಾಲದಲ್ಲೂ ಆ ಸಾಲ ತೀರಿರ್ಲಿಲ್ಲ. ಈ ಬೆಟ್ಟದ ಕಾಫಿ ಎಲ್ಲಾ ಎಲ್ಲಿ ಹೋಯ್ತು ಅಂತೀಯಾ?’ ಬಡತನ ನಮಗೆ ಹೊಸದಲ್ಲ. ಆದರೆ ಒಲೆ ತಣ್ಣಗಿರಲಿಲ್ಲ. ಯಾರದಾದರೂ ಹೊಲ ಅಗೆಯಬೇಕಾದರೆ ಶಂಖ ಊದುತ್ತಿದ್ದರು. ಗುಡ್ಡಗುಡ್ಡದಿಂದ ಗುದ್ದಲಿ ಹೊತ್ತು ಜನ ಬರುತ್ತಿದ್ದರು. ಗಂಡಸರು ಹಾಡಿನ ತಾಳಕ್ಕೆ ಅಗೆಯುತ್ತಿದ್ದರು, ನಾವು ಹೆಂಗಸರು ದೊಡ್ಡ ಹಂಡೆಯಲ್ಲಿ ಜೋಳದ ನುಚ್ಚು, ಕಾಳಿನ ಸಾರು ಬೇಯಿಸುತ್ತಿದ್ದೆವು. ಇಜ್ಮಾನಿ ಸಾರಿಗೆ ಖಾರ ಹಾಕಿದಳೆಂದರೆ ಅಗೆಯುವ ಗಂಡಸರ ಕಣ್ಣಲ್ಲೂ ನೀರು.

‘ಅಕ್ಕ, ಇದು ಸಾರೋ, ಶಿಕ್ಷೆಯೋ?’ ಎಂದು ನಾನು ಕಾಲೆಳೆಯುತ್ತಿದ್ದೆ.

‘ಖಾರ ಇದ್ರೆ ನುಚ್ಚು ಹೆಚ್ಚು ತಿಂತಾರೆ, ಹಂದಿ ಮಾಂಸ ಕಮ್ಮಿ ಕೇಳ್ತಾರೆ. ನಿನಗೆ ಬುದ್ಧಿ ಬರೋದು ಯಾವಾಗ್ಲೇ ಲಮೆರ್ಸಿ?’ ಎನ್ನುತ್ತಿದ್ದಳು.

ನಮ್ಮಲ್ಲಿ ಮಗು ಹುಟ್ಟಿದರೆ ಹೊಕ್ಕುಳಬಳ್ಳಿಯನ್ನು ಮನೆಯ ಹತ್ತಿರ ಹೂತು ಅದರ ಮೇಲೆ ಒಂದು ಹಣ್ಣಿನ ಗಿಡ ನೆಡುತ್ತಾರೆ. ಆ ಮರ ಆ ಮಗುವಿನದು. ಹಣ್ಣು ಮಾರಿದರೆ ಆ ಕಾಸಿನಲ್ಲಿ ಮಗುವಿಗೇ ಏನಾದರೂ ಕೊಡಿಸಬೇಕು. ಜಮೀನು ಮಾರಿದರೂ ಮರ ಮಾರುವಂತಿಲ್ಲ, ಆ ಜೀವ ಇರುವವರೆಗೆ ಕಡಿಯುವಂತೆಯೂ ಇಲ್ಲ. ನಿನ್ನ ಊರು ಯಾವುದು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ನಿನ್ನ ಹೊಕ್ಕುಳು ಎಲ್ಲಿ ಹೂತಿದೆ ಎಂದು ಕೇಳುತ್ತಾರೆ. ಇಜ್ಮಾನಿಯದು ಎರಡು ಬೆಟ್ಟದಾಚೆ, ಅವಳ ತವರು ತಿ ಸೂಸ್‌ನಲ್ಲಿತ್ತು. ಅವಳ ಅಮ್ಮ ನೆಟ್ಟ ಮಾವು. ಇಬ್ಬರು ತಬ್ಬಿದರೂ ಬೊಡ್ಡೆ ಕೈಗೆ ಸಿಗುತ್ತಿರಲಿಲ್ಲ. ಮದುವೆಯಾದ ಮೇಲೂ ಪ್ರತಿ ವರ್ಷ ಹಣ್ಣಿನ ಕಾಲಕ್ಕೆ ಅಲ್ಲಿಗೆ ಹೋಗಿ, ಮರದಡಿ ಒಂದು ರಾತ್ರಿ ಮಲಗಿ, ಬುಟ್ಟಿ ತುಂಬ ಹಣ್ಣು ಹೊತ್ತು ಬರುತ್ತಿದ್ದಳು. ಮಗಳು ಮಿಮೋಜ್ ಹುಟ್ಟಿದಾಗ ಅದೇ ಮರದ ಓಟೆ ತರಿಸಿ ನಮ್ಮ ಅಂಗಳದಲ್ಲಿ ನೆಟ್ಟಳು. ಮಗುವಿಗಿಂತ ಗಿಡಕ್ಕೇ ಹೆಚ್ಚು ಸಲ ದೃಷ್ಟಿ ತೆಗೆಯುತ್ತಿದ್ದಳು ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು.

ಮಗಳಿಗೆ ಮೂರು ತುಂಬುವ ಮುಂಚೆ ಸೆನೊವಿಲ್ ಕಬ್ಬು ಕಡಿಯಲು ಗಡಿ ದಾಟಿ ಹೋದ. ಮೊದಲ ವರ್ಷ ಯಾರದೋ ಕೈಯಲ್ಲಿ ಒಂದು ಬಾಚಣಿಗೆ, ಒಂದು ಬಟ್ಟೆ ಕಳಿಸಿದ. ಆಮೇಲೆ ಸುದ್ದಿಯಿಲ್ಲ. ಸತ್ತನೋ, ಅಲ್ಲೊಬ್ಬಳನ್ನು ಕಟ್ಟಿಕೊಂಡನೋ ದೇವರಿಗೇ ಗೊತ್ತು. ಅತ್ತಳು, ಆದರೆ ಅತ್ತುಕೊಂಡೇ ಹಂದಿಗೆ ನೀರಿಟ್ಟಳು. ‘ಗಂಡ ಹೋದ್ರೂ ಹಂದಿ ಇದೆ, ಮಗಳು ಓದ್ತಾಳೆ’ ಅಂದಳು. ಮಿಮೋಜ್ ಓದಿ ಮೇಡಂ ಆಗಬೇಕು, ಕಬ್ಬಿನ ಗದ್ದೆಗೆ ಹೋಗುವ ಯಾವನಿಗೂ ಕಾಯುತ್ತ ಕೂರಬಾರದು. ಇಜ್ಮಾನಿಗೆ ಇದ್ದ ಆಸೆ ಅದೊಂದೇ.

ಹಂದಿ ಕೊಂದ ವರ್ಷವನ್ನು ನಮ್ಮ ಬೆಟ್ಟದಲ್ಲಿ ಬದುಕಿರುವವರು ಯಾರೂ ಮರೆತಿಲ್ಲ. ಗಡಿಯಾಚೆಯಿಂದ ಹಂದಿಜ್ವರ ಬಂದಿದೆ ಎಂದರು. ಸಮುದ್ರದಾಚೆಯ ದೊಡ್ಡ ದೇಶಕ್ಕೆ, ಆ ಜ್ವರ ತನ್ನ ಹಂದಿಗಳಿಗೂ ಬಂದೀತೆಂಬ ಭಯ. ಅವರು ಕೊಲ್ಲಿ ಅಂದರು, ನಮ್ಮ ದೊರೆಗಳು ಹೂಂ ಅಂದರು. ಕಾಯಿಲೆ ಬಿದ್ದದ್ದು, ಬೀಳದ್ದು ಎಂಬ ಲೆಕ್ಕವಿಲ್ಲ, ದೇಶದಲ್ಲಿ ಒಂದು ಕರಿಹಂದಿಯೂ ಉಳಿಯಬಾರದು. ನಮ್ಮ ಅಂಗಳದವುಗಳಿಗೆ ಒಂದು ಸೀನೂ ಬಂದಿರಲಿಲ್ಲ. ನಾವು ಅವನ್ನೆಲ್ಲ ಕೆಳಗಿನ ಕೊರಕಲಿಗೆ ಅಟ್ಟಿ, ಮುಳ್ಳು ಅಡ್ಡ ಹಾಕಿ ಬಚ್ಚಿಟ್ಟೆವು.

ಆಗ ಇಜ್ಮಾನಿಗೆ ಒಂದು ಯೋಚನೆ ಬಂತು. ನಮ್ಮಲ್ಲಿ ಎಜಿಲಿ ತಾಯಿಗೆ ಕರಿಹಂದಿ ಮುಡಿಪಿಡುವುದುಂಟು. ಕೊರಳಿಗೆ ಕೆಂಪು ನೀಲಿ ಬಟ್ಟೆ ಕಟ್ಟಿ, ಹೆಸರು ಹೇಳಿ ನೀರು ಚಿಮುಕಿಸಿದರೆ ಆಯಿತು. ಅಂಥ ಹಂದಿಯನ್ನು ಕಳ್ಳನೂ ಮುಟ್ಟುವುದಿಲ್ಲ. ತಾಯಿಗೆ ಮೊದಲೇ ಕೋಪ ಜಾಸ್ತಿ.

‘ಎಲ್ಲಾ ಹಂದಿನೂ ತಾಯಿಗೆ ಮುಡಿಪಿಡೋಣ. ಬರೋ ಸಿಪಾಯಿಗಳೂ ಇದೇ ಮಣ್ಣಿನ ಮಕ್ಕಳಲ್ವಾ? ಅವರಮ್ಮಂದಿರೂ ತಾಯಿಗೆ ದೀಪ ಹಚ್ಚೋರೇ. ಕೆಂಪು ನೀಲಿ ನೋಡಿದ್ರೆ ಕೈ ನಡುಗುತ್ತೆ’ ಅಂದಳು.

‘ಬಚ್ಚಿಟ್ಟಲ್ಲೇ ಇರ್ಲಿ ಅತ್ತಿಗೆ’ ಎಂದ ನನ್ನ ಗಂಡ ಎನೊಲ್.

‘ಕೊರಕಲಲ್ಲಿ ಮುಡಿಪಿಡೋಕಾಗುತ್ತಾ? ಮನೆ ಅಂಗಳದಲ್ಲೇ ಆಗ್ಬೇಕು. ಕಳ್ಳರ ಹಾಗೆ ಬಚ್ಚಿಟ್ಟದ್ದನ್ನ ತಾಯಿ ತಗೊಳ್ಳಲ್ಲ.’

ಮಾವನೂ ತಲೆಯಾಡಿಸಿದರು. ನಾವೆಲ್ಲ ಕೊರಕಲಿಗಿಳಿದು ಒಂದೊಂದನ್ನೇ ಹಿಡಿದು ತಂದೆವು. ಹಳೆಯ ಲಂಗ ಹರಿದು ಕೆಂಪು, ಶಾಲೆಯ ಅಂಗಿ ಹರಿದು ನೀಲಿ. ಅಂಗಳದ ತುಂಬ ಕೊರಳಪಟ್ಟಿ ಕಟ್ಟಿಕೊಂಡ ಹಂದಿಗಳು ಮದುವೆಗೆ ಹೊರಟವರಂತೆ ನಿಂತಿದ್ದವು. ನಮಗೆ ಧೈರ್ಯವೂ ಬಂತು, ನಗುವೂ ಬಂತು.

ಸಿಪಾಯಿಗಳು ಬಂದದ್ದು ಮಾರನೆಯ ಬೆಳಿಗ್ಗೆ. ಇಜ್ಮಾನಿ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಅವರಲ್ಲಿ ಒಬ್ಬ ಬಟ್ಟೆ ನೋಡಿ ನಿಂತುಬಿಟ್ಟ, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಅವನ ಕೈ ನಿಜಕ್ಕೂ ನಡುಗುತ್ತಿತ್ತು. ಹಾಗೆ ನಡುಗುವ ಕೈಯಲ್ಲೇ ಗುಂಡು ಹಾರಿಸಿದ. ಎಲ್ಲ ಒಂದೇ ಕಡೆ ಕಟ್ಟಿದ್ದರಿಂದ ಅವರಿಗೆ ಹುಡುಕುವ ಕಷ್ಟವೂ ಇರಲಿಲ್ಲ. ಬಸುರಿ ಹಂದಿಯೊಂದು ಇಜ್ಮಾನಿಯ ಕಾಲಿಗೆ ಬಂದು ಒರಗಿ ಸತ್ತಿತು. ಪರಿಹಾರ ಕೊಡುತ್ತೇವೆ ಎಂದು ಹೇಳಿ ಹೋದರು. ನಮ್ಮ ಗುಡ್ಡಕ್ಕೆ ಆ ಪರಿಹಾರ ಇನ್ನೂ ಹತ್ತುತ್ತಾ ಇರಬೇಕು, ಪಾಪ, ಏರು ಕಡಿದಲ್ಲವೇ.

ಆ ಸಂಜೆ ಎನೊಲ್ ಕುಡಿದು ಬಂದು ಅಂಗಳದ ಮಧ್ಯೆ ನಿಂತು ಕೂಗಾಡಿದ. ‘ಕೊರಕಲಲ್ಲಿದ್ದಿದ್ರೆ ಒಂದಾದ್ರೂ ಉಳೀತಿತ್ತು! ನಿನ್ನ ಮುಡಿಪು ನಂಬ್ಕೊಂಡು ನಾವೆಲ್ಲ ಮುಳುಗಿದ್ವಿ!’ ನಾನು ಅವನ ಬಾಯಿಗೆ ಕೈ ಅಡ್ಡ ಹಿಡಿದೆ. ಸತ್ತ ಹಂದಿಗಳ ಕೊರಳಿನಿಂದ ಇಜ್ಮಾನಿ ಬಟ್ಟೆ ಬಿಚ್ಚುತ್ತಿದ್ದಳು. ಅಂದಿನಿಂದ ಅವಳು ಆ ಅಂಗಳದಲ್ಲಿ ಯಾರ ಹತ್ತಿರವೂ ಒಂದು ಚಿಟಿಕೆ ಉಪ್ಪನ್ನೂ ಕೇಳಲಿಲ್ಲ. ನಾನಾಗಿ ಕೊಟ್ಟರೆ, ‘ಇದೆ ಕಣೇ, ಇದೆ’ ಎನ್ನುತ್ತಿದ್ದಳು. ಏನೂ ಇರುತ್ತಿರಲಿಲ್ಲ.

ಆ ಅಕ್ಟೋಬರಿನಲ್ಲಿ ಕೆಳಗಿನ ಶಾಲೆಯ ಬೆಂಚುಗಳು ಅರ್ಧಕ್ಕರ್ಧ ಖಾಲಿ. ನನ್ನ ಮಕ್ಕಳೂ ಓದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಹಂದಿಯ ಬದಲಿಗೆ ಹಂದಿ ಎಂದು ಪರದೇಶದ ಬಿಳಿ ಹಂದಿ ಬಂದವು. ಅಯ್ಯಯ್ಯೋ, ಅವುಗಳ ದೌಲತ್ತೇ! ಮಲಗಲು ಸಿಮೆಂಟು ನೆಲ ಬೇಕು, ಮೇಲೆ ತಗಡು ಬೇಕು, ತಣ್ಣೀರಿನ ಸ್ನಾನ ಬೇಕು, ಮೂಟೆಯಲ್ಲಿ ಬರುವ ಮೇವೇ ಬೇಕು. ನಾವಿದ್ದದ್ದು ಮಣ್ಣಿನ ನೆಲ, ಹುಲ್ಲಿನ ಮಾಡು. ‘ನಾಲ್ಕು ಕಾಲಿನ ರಾಜಕುಮಾರ’ ಎಂದು ಬೆಟ್ಟವೆಲ್ಲ ನಗಾಡಿತು. ‘ಆ ರಾಜಕುಮಾರ ನನ್ನನ್ನ ಸಾಕ್ಕೊಳ್ತಾನಾ ಕೇಳಿ ಬಾರೇ, ನಾನೇ ಹೋಗಿ ಅವನ ಮನೇಲಿ ಮಲಗ್ತೀನಿ’ ಎಂದು ಇಜ್ಮಾನಿ ಹೇಳಿದಾಗ, ಎಷ್ಟೋ ತಿಂಗಳ ಮೇಲೆ ಅವಳು ನಕ್ಕಳಲ್ಲ ಎಂದು ನನಗೆ ಅಳುವೇ ಬಂದಿತ್ತು.

ಹಂದಿ ಇಲ್ಲದ ಮೇಲೆ ಕೈಗೆ ಸಿಕ್ಕುವುದು ಇನ್ನೇನಿದೆ? ಮರ. ಒಬ್ಬರ ಜ್ವರಕ್ಕೆ ಒಂದು ಬೆಣ್ಣೆಹಣ್ಣಿನ ಮರ, ಇನ್ನೊಬ್ಬರ ಶವಪೆಟ್ಟಿಗೆಗೆ ಎರಡು ಮಾವು. ಕಡಿದು, ಸುಟ್ಟು, ಇದ್ದಿಲು ಮಾಡಿ ಪೇಟೆಗೆ ಕಳಿಸುವುದು. ಕಾಫಿಗಿಡಕ್ಕೆ ನೆರಳು ಹೋಯಿತು, ಕಾಫಿಯೂ ಹೋಯಿತು. ಮಳೆ ಬಂದರೆ ಮಣ್ಣು ಕೆಳಗಿಳಿಯತೊಡಗಿತು. ಇದೆಲ್ಲ ನಮಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಮಗು ಕೆಮ್ಮುತ್ತಿರುವಾಗ ಮಣ್ಣಿನ ಚಿಂತೆ ಮಾಡುವ ತಾಯಿಯನ್ನು ಆ ಟೋಪಿಯವನು ತೋರಿಸಲಿ, ಅವನ ಕಾಲಿಗೆ ಬೀಳುತ್ತೇನೆ.

ಇಜ್ಮಾನಿ ಮಾತ್ರ ಮಗಳ ಓದು ನಿಲ್ಲಿಸಲಿಲ್ಲ. ಪೇಟೆಯಲ್ಲಿ ಬಟ್ಟೆ ಒಗೆದಳು, ಕಂಡವರ ಸಾಮಾನು ತಲೆಯ ಮೇಲೆ ಹೊತ್ತು ಬೆಟ್ಟ ಹತ್ತಿದಳು, ತನ್ನ ಪಾಲಿನ ಮರಗಳನ್ನೂ ಒಂದೊಂದಾಗಿ ಸುಟ್ಟಳು. ಮಿಮೋಜ್ ಜಾಕ್ಮೆಲ್‌ನಲ್ಲಿ ಮದಾಮ್ ಫೊರ್ತುನ ಎಂಬವಳ ಮನೆಯಲ್ಲಿ, ಅಡುಗೆ ಮಾಡಿಕೊಟ್ಟುಕೊಂಡು ಓದುತ್ತಿದ್ದಳು. ಹಾಗೂ ಹೀಗೂ ಕೊನೆಯ ವರ್ಷ ಬಂತು. ಆ ಒಂದು ಪರೀಕ್ಷೆ ಪಾಸಾದರೆ ನಮ್ಮ ಕೆಳಗಿನ ಶಾಲೆಯಲ್ಲೇ ಮೇಡಂ ಆಗಬಹುದಿತ್ತು. ಆದರೆ ಶಾಲೆ ತೆರೆಯಲು ವಾರ ಇರುವಾಗ ಇಜ್ಮಾನಿಯ ಕೈಯಲ್ಲಿ ಬಿಡಿಗಾಸಿಲ್ಲ. ಶಾಲೆಗೂ ಕಟ್ಟಬೇಕು, ಮದಾಮ್‌ಗೆ ಕೊಡಬೇಕಾದ ಊಟ ವಸತಿಯದು ಹೋದ ವರ್ಷದ್ದೇ ಬಾಕಿ ಇತ್ತು. ಇಜ್ಮಾನಿ ಕೇಳಿಕೊಳ್ಳಲು ಹೋದಳು. ಮದಾಮ್ ಫೊರ್ತುನ ಮೆಟ್ಟಿಲ ಮೇಲೆ ನಿಂತೇ ಮಾತಾಡಿದಳಂತೆ. ‘ದುಡ್ಡಿಲ್ದಿದ್ರೆ ಇದ್ದಿಲಾದ್ರೂ ತಾ. ವರ್ಷಕ್ಕಾಗೋಷ್ಟು ಇದ್ದಿಲು ತಂದ್ರೆ ಹುಡುಗಿ ಇರ್ಲಿ, ಇಲ್ದಿದ್ರೆ ಪೆಟ್ಟಿಗೆ ತಗೊಂಡು ಹೋಗು.’

ಮನೆಗೆ ಬಂದು ಇಜ್ಮಾನಿ ನನ್ನ ಪಕ್ಕ ಕೂತಳು. ‘ನೀರೊಳಗಿರೋ ಕಲ್ಲಿಗೆ ಬಿಸಿಲಲ್ಲಿರೋ ಕಲ್ಲಿನ ಸಂಕಟ ಎಲ್ಲಿ ಗೊತ್ತಾಗುತ್ತೆ ಬಿಡು’ ಅಂದಳು, ಅಷ್ಟೆ.

ಅಂಗಳದಲ್ಲಿ ಇಜ್ಮಾನಿಯ ಪಾಲಿಗೆ ಉಳಿದಿದ್ದದ್ದು ಮಿಮೋಜಳ ಮಾವು ಒಂದೇ. ಎನೊಲ್ ಅದರ ಕಡೆ ನೋಡಿ ಮೆಲ್ಲಗೆ, ‘ಅತ್ತಿಗೆ, ಅವಳ ಓದಿಗೇ ತಾನೆ? ಅವಳ ಮರ ಅವಳಿಗೇ ಆಗ್ಲಿ. ಕೊಡಲಿ ನಾನು ತರ್ತೀನಿ’ ಅಂದ. ಅವನು ಕೆಟ್ಟವನಲ್ಲ, ಬಾಯಿ ಮಾತ್ರ ಕೆಟ್ಟದ್ದು.

‘ಬದುಕಿ ಬಾಳ್ಬೇಕಾದ ಹುಡುಗಿ ಮರಕ್ಕೆ ಕೊಡಲಿ ಹಾಕ್ತೀಯೇನೋ? ನಾಲಗೆ ಹೊರಳುತ್ತಾ ನಿನಗೆ?’ ಅವಳು ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ನನ್ನ ಕಡೆ ತಿರುಗಿದಳು. ‘ಲಮೆರ್ಸಿ, ನಾಳೆ ನನ್ನ ಜೊತೆ ತಿ ಸೂಸ್‌ಗೆ ಬರ್ತೀಯಾ?’

ಹಣ್ಣಿನ ಕಾಲವಲ್ಲ, ಏನೂ ಅಲ್ಲ. ನನಗೆ ಅರ್ಥವಾಯಿತು. ಬೇಡ ಎಂದು ಹೇಳಿ ನಾನು ಅವಳಿಗೆ ಇನ್ನೇನು ಕೊಡಬಲ್ಲವಳಾಗಿದ್ದೆ?

ತವರಿನ ಬೇಲಿ ಹತ್ತಿರ ನಿಂತು, ನಮ್ಮ ಪದ್ಧತಿಯಂತೆ ಅವಳು ‘ಮಾನ!’ ಎಂದು ಕೂಗಿದಳು. ಒಳಗಿಂದ ಅವಳ ಅಣ್ಣ ಕ್ಲೆಬೆ ‘ಮರ್ಯಾದೆ!’ ಎಂದು ಉತ್ತರ ಕೊಡುತ್ತಲೇ ಓಡಿಬಂದ. ಅವನು ಆಜಾನುಬಾಹು, ತಲೆ ಆಗಲೇ ನರೆತಿತ್ತು. ತಂಗಿಯ ಎರಡೂ ಕೈ ಹಿಡಿದು, ‘ಏನಮ್ಮಾ ಮಹಾರಾಣಿ, ದಾರಿ ತಪ್ಪಿ ಬಂದ್ಯಾ? ಮರದಲ್ಲಿ ಎಲೆ ಬಿಟ್ರೆ ಏನೂ ಇಲ್ವಲ್ಲ ಈಗ’ ಅಂದ.

‘ಮರಕ್ಕೇ ಬಂದೆ ಅಣ್ಣಾ’ ಅಂದಳು.

ಕ್ಲೆಬೆ ಅವಳ ಕೈಯಲ್ಲಿದ್ದ ಕೊಡಲಿ ನೋಡಿದ್ದು ಆಗಲೇ. ಅವನ ಮುಖ ಕಪ್ಪಿಟ್ಟಿತು.

‘ತಲೆ ಕೆಟ್ಟಿದೆಯೇನೇ? ಹೊಕ್ಕುಳು ಹೂತ ಮರ ಕಡೀತಾರಾ? ನೀನು ಬದುಕಿರುವಾಗ್ಲೇ?’

‘ಸತ್ತ ಮೇಲೆ ಕಡಿದ್ರೆ ಮಿಮೋಜ್ ಶಾಲೆಗೆ ಹೋಗ್ತಾಳಾ?’

‘ನನ್ನ ಮೇಕೆ ಇದೆ, ತಗೊಂಡು ಹೋಗು.’

‘ನಿನ್ನ ಮೇಕೆನ ಮೊನ್ನೆ ನಿನ್ನ ಹೆಂಡ್ತಿ ಔಷಧಿಗೆ ಮಾರಿದ್ದು ನನಗೆ ಗೊತ್ತಿಲ್ವಾ? ಸುಳ್ಳು ಹೇಳೋಕೂ ಬರಲ್ಲ ನಿನಗೆ.’

ಕ್ಲೆಬೆ ಮರದ ಬೊಡ್ಡೆಯ ಮೇಲೆ ಅಂಗೈ ಇಟ್ಟ. ‘ಅಮ್ಮ ನೆಟ್ಟಿದ್ದು ಕಣೇ. ಇದೂ ಹೋದ್ರೆ ನಿನಗೆ ಇಲ್ಲಿ ಏನಿದೆ?’

‘ನೀನಿದ್ದೀಯಲ್ಲೋ’ ಅಂದಳು ಇಜ್ಮಾನಿ.

ಅವನು ಮುಖ ತಿರುಗಿಸಿಕೊಂಡು, ‘ನಾನಂತೂ ಕೊಡಲಿ ಮುಟ್ಟಲ್ಲ. ನಿನ್ನ ಮರ, ನಿನ್ನ ಪಾಪ’ ಎಂದು ಮೆಟ್ಟಿಲ ಮೇಲೆ ಹೋಗಿ ಕೂತುಬಿಟ್ಟ.

ಇಜ್ಮಾನಿ ಅತ್ತಿಗೆಯಿಂದ ಒಂದು ಲೋಟ ಕಾಫಿ ಕೇಳಿ ಇಸಿದುಕೊಂಡಳು. ತಾನು ಕುಡಿಯಲಿಲ್ಲ. ಮೂರು ಸಲ ಮರದ ಬುಡಕ್ಕೆ ಸುರಿದಳು. ಬೊಡ್ಡೆಗೆ ಹಣೆ ಹಚ್ಚಿ, ಪಕ್ಕದ ಮನೆಯವಳ ಹತ್ತಿರ ಮಾತಾಡುವಂತೆ, ‘ಇಷ್ಟು ವರ್ಷ ನನ್ನ ಹಿಡ್ಕೊಂಡಿದ್ದೆ. ಈಗ ಬಿಟ್ಬಿಡು. ಕೋಪ ಮಾಡ್ಕೋಬೇಡ’ ಅಂದಳು. ನಾವು ತಲೆಗೆ ಕಟ್ಟಿದ ಬಟ್ಟೆಯಲ್ಲೇ ಕಣ್ಣು ಒರೆಸಿಕೊಳ್ಳುವವರು. ನಾನು ಒರೆಸಿಕೊಂಡೆ, ಅವಳು ಒರೆಸಿಕೊಳ್ಳಲಿಲ್ಲ. ಕೊಡಲಿ ಎತ್ತಿದಳು.

ಮೊದಲ ಏಟು ಜಾರಿತು. ಎರಡನೆಯದು ತೊಗಟೆಯನ್ನಷ್ಟೇ ಕಿತ್ತಿತು. ಮೂರನೆಯ ಏಟಿಗೆ ಕೊಡಲಿ ಅವಳ ಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು. ಆಗ ಮೆಟ್ಟಿಲ ಮೇಲಿದ್ದ ಕ್ಲೆಬೆ ಗೂಳಿಯಂತೆ ನುಗ್ಗಿಬಂದು, ‘ಕಾಲು ಕಡ್ಕೋತೀಯ ದರಿದ್ರದೋಳೇ, ಕೊಡು ಇಲ್ಲಿ!’ ಎಂದು ಕಿತ್ತುಕೊಂಡ. ಬಿಸಿಲು ಇಳಿಯುವವರೆಗೂ ಕಡಿದ. ಒಂದೊಂದು ಏಟಿಗೂ ಯಾರನ್ನೋ ಬೈಯುತ್ತಿದ್ದ. ಹಂದಿ ಕೊಂದವರನ್ನು, ಕಾಫಿ ತಿಂದವರನ್ನು, ಕಬ್ಬಿನ ಗದ್ದೆಯನ್ನು, ಓಡಿಹೋದ ಭಾವನನ್ನು, ಕೊನೆಗೆ ದೇವರನ್ನೂ. ಮರ ಬಿದ್ದಾಗ ಬೈಗುಳ ನಿಂತಿತು. ಆ ದೊಡ್ಡ ಗಂಡಸು ಬೊಡ್ಡೆಯ ಮೇಲೆ ಕೂತು ಮಗುವಿನಂತೆ ಅತ್ತ. ತಂಗಿಯೇ ಅವನ ತಲೆ ಸವರಿದಳು.

ನಾವು ಮೂವರೂ ಸೇರಿ ಕೊಂಬೆ ತುಂಡರಿಸಿ, ಗುಂಡಿಯಲ್ಲಿ ಪೇರಿಸಿ, ಹಸಿ ಎಲೆ ಹೊದಿಸಿ, ಮಣ್ಣು ಮುಚ್ಚಿ ಬೆಂಕಿ ಕೊಟ್ಟೆವು. ಇದ್ದಿಲು ಸುಡುವುದು ಚಿಕ್ಕ ಮಗುವನ್ನು ನೋಡಿಕೊಂಡ ಹಾಗೆ. ಮಣ್ಣು ಬಿರುಕು ಬಿಟ್ಟರೆ ಒಳಗೆ ಜ್ವಾಲೆ ಎದ್ದು ಎಲ್ಲ ಬೂದಿ. ಇಜ್ಮಾನಿ ಅದರ ಪಕ್ಕದಿಂದ ಕದಲಲಿಲ್ಲ. ಬಿರುಕು ಕಂಡಲ್ಲೆಲ್ಲ ಒದ್ದೆ ಮಣ್ಣು ಮೆತ್ತುತ್ತಿದ್ದಳು. ಒಂದು ತುಂಡೂ ಬೂದಿಯಾಗಲು ಬಿಡಲಿಲ್ಲ. ಅಷ್ಟು ಚೊಕ್ಕವಾಗಿ ಬೆಂದ ಇದ್ದಿಲನ್ನು ನಾನು ಹಿಂದೆ ನೋಡಿರಲಿಲ್ಲ, ತಟ್ಟಿದರೆ ಕಂಚಿನ ಸದ್ದು. ಕತ್ತೆಯ ಮೇಲೆ ಹೇರಿ ರಸ್ತೆಗೆ, ಅಲ್ಲಿಂದ ಲಾರಿಯಲ್ಲಿ ಜಾಕ್ಮೆಲ್‌ಗೆ. ಒಂದಿಷ್ಟು ಮೂಟೆ ಮಾರಿ ಶಾಲೆಗೆ ಕಟ್ಟಿದಳು. ಮಿಕ್ಕದ್ದು ಮದಾಮ್ ಫೊರ್ತುನಳ ಹಿತ್ತಿಲಿಗೆ.

‘ಮಿಮೋಜ್‌ಗೆ ಹೇಳೀಯ ಮತ್ತೆ! ನಿನ್ನ ನಾಲಗೆ ಕತ್ತರಿಸ್ತೀನಿ’ ಎಂದು ನನ್ನನ್ನು ಗದರಿದಳು. ‘ತಿಳಿದ್ರೆ ಆ ಹುಡುಗಿ ಓದಲ್ಲ, ಅಳ್ತಾ ಕೂರುತ್ತೆ.’

ಮಾತು ಉಳಿಸಿಕೊಂಡೆ. ನನ್ನಂಥವಳು ಒಂದು ವರ್ಷ ಬಾಯಿ ಕಟ್ಟಿಕೊಂಡಿದ್ದಳೆಂದರೆ ಬೆಟ್ಟದಲ್ಲಿ ಇಂದಿಗೂ ಯಾರೂ ನಂಬುವುದಿಲ್ಲ.

ಜುಲೈನಲ್ಲಿ ಪರೀಕ್ಷೆ ಮುಗಿಸಿ ಮಿಮೋಜ್ ಬಂದಳು. ಎತ್ತರ ಅಪ್ಪನದು, ನಗು ಅಮ್ಮನದು. ಪಾಸಾದವರ ಹೆಸರು ರೇಡಿಯೊದಲ್ಲಿ ಓದುತ್ತಾರೆಂದು ತಿಳಿದು, ಎನೊಲ್ ಎಲ್ಲಿಂದಲೋ ಒಂದು ರೇಡಿಯೊ ಕಾಡಿ ಬೇಡಿ ತಂದ. ಅಂಗಳದಲ್ಲಿ ಕುರ್ಚಿ ಹಾಕಿ ಅದನ್ನು ಹಿರಿಯರಂತೆ ಕೂರಿಸಿದೆವು. ಗರಗರ ಸದ್ದಿನ ನಡುವೆ ಯಾರ್ಯಾರದೋ ಹೆಸರು. ಇಜ್ಮಾನಿ ಕೂರಲೂ ಇಲ್ಲ, ಉಸಿರಾಡಿದಳೋ ಇಲ್ಲವೋ ಅದೂ ಗೊತ್ತಿಲ್ಲ. ಮಿಮೋಜಳ ಹೆಸರು ಬಂದಾಗ ಮೊದಲು ಕೂಗಿದವನು ಎನೊಲ್. ಅವನು ಅತ್ತಿಗೆಯನ್ನು ಎತ್ತಿಕೊಂಡು ಒಂದು ಸುತ್ತು ಸುತ್ತಿಸಿಬಿಟ್ಟ. ‘ಇಳ್ಸೋ ಕೋತಿ, ಸೊಂಟ ಮುರೀತು!’ ಎಂದು ಅವಳು ಕೂಗುತ್ತಿದ್ದರೆ ನಾವೆಲ್ಲ ನಕ್ಕು ನಕ್ಕು ಸುಸ್ತು. ಹಂದಿ ಹೋದ ಮೇಲೆ ಆ ಅಂಗಳ ಅಷ್ಟು ನಕ್ಕದ್ದು ಅದೇ ಮೊದಲು.

ನಗು ಇಳಿದ ಮೇಲೆ ಮಿಮೋಜ್ ಅಮ್ಮನ ಕೊರಳಿಗೆ ಜೋತುಬಿದ್ದಳು. ‘ಅಮ್ಮಾ, ನಾಳೆ ಬೆಳಿಗ್ಗೇನೇ ತಿ ಸೂಸ್‌ಗೆ ಹೋಗೋಣ. ನಿನ್ನ ಮರದ ಹಣ್ಣು ತಿಂದು ಎರಡು ವರ್ಷ ಆಯ್ತು. ಈ ಸಲ ಮರದಡಿ ನಾನೂ ಮಲಗ್ತೀನಿ.’

ನಾನು ಲೋಟ ಎತ್ತಿಕೊಳ್ಳುವ ನೆವದಲ್ಲಿ ಬಗ್ಗಿದೆ. ಎನೊಲ್ ರೇಡಿಯೊದ ಕಿವಿ ತಿರುಗಿಸತೊಡಗಿದ. ಇಜ್ಮಾನಿ ಮಗಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

‘ಆ ಮರ ಈಗಿಲ್ಲ ಮಗಳೇ.’

‘ಇಲ್ಲ ಅಂದ್ರೆ? ಗಾಳಿಗೆ ಬಿತ್ತಾ?’

‘ಇಲ್ಲ. ಮದಾಮ್ ಫೊರ್ತುನ ಮನೇಲಿ ನೀನು ವರ್ಷವೆಲ್ಲಾ ಒಲೆಗೆ ಹಾಕಿದ್ಯಲ್ಲ, ಅದೇ.’

ಮಿಮೋಜ್ ಅಮ್ಮನನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇದ್ದಿಲಿನ ಕಪ್ಪು ಇನ್ನೂ ಇತ್ತು. ನಾನು ಅವಳ ಹತ್ತಿರ ಸರಿದೆ.

ಇಜ್ಮಾನಿಗೆ ಮಾತ್ರ ಬೇರೆಯೇ ಚಿಂತೆ. ಪೇಟೆಗೆ ಮೊದಲ ಸಲ ಹೋದ ಮಗುವಿನ ಸುದ್ದಿ ವಿಚಾರಿಸುವವಳಂತೆ, ತಡೆದು ತಡೆದು ಕೇಳಿದಳು.

‘ಚೆನ್ನಾಗಿ ಉರೀತಿತ್ತೇನೇ?’

ಮಿಮೋಜ್ ಅಂಗೈಗಳನ್ನು ಲಂಗಕ್ಕೆ ಒರೆಸಲು ಹೋಗಿ, ಒರೆಸದೆ ಹಾಗೇ ಮಡಿಚಿಕೊಂಡಳು.

‘ಉರೀತಿತ್ತಮ್ಮ’ ಅಂದಳು ಕೊನೆಗೆ. ‘ಒಂಚೂರೂ ಹೊಗೆ ಬರ್ತಿರ್ಲಿಲ್ಲ.’

‘ಮತ್ತೆ!’ ಅಂದಳು ಇಜ್ಮಾನಿ. ‘ನಮ್ಮಮ್ಮ ನೆಟ್ಟಿದ್ದು.’